ಮುಂಗಾಣಿ ಹೇಳಿದ ಮೂವತ್ತೆಂಟು

ಬರುವ ಜೂನ್‌ನಲ್ಲಿ, ಅದರ ಮುಂದಿನ ಜೂನ್‌ನಲ್ಲಿ, ಹತ್ತು ವರ್ಷದ ಆಚೆಯ ಜೂನ್‌ನಲ್ಲಿ ಯಾವ ಶಾಲೆಯ ಬಾಗಿಲಿಗೆ ಎಷ್ಟು ಮಕ್ಕಳು ಬಂದು ನಿಲ್ಲುತ್ತಾರೆ ಎಂದು ಈಗಲೇ ಗೊತ್ತಾಗಿಬಿಟ್ಟರೆ? ಬೇರೆ ಕಡೆ ಇದು ಕನಸಿನ ಮಾತು. ಆನೆಕಟ್ಟೆ ಪೂರ್ವವಲಯದ ನಮ್ಮ ಹದಿನಾಲ್ಕು ಸರ್ಕಾರಿ ಶಾಲೆಗಳಲ್ಲಿ ಅದು ಗೊತ್ತಾಗತೊಡಗಿ ಏಳು ವರ್ಷವಾಗಿತ್ತು.

ಹೇಳುತ್ತಿದ್ದದ್ದು ಮುಂಗಾಣಿ. ಕಣ್ಣಿಗೆ ಕಾಣುವಂಥದ್ದು ಹೆಚ್ಚೇನಿಲ್ಲ. ಶಿಕ್ಷಣ ಕಚೇರಿಯ ಹಿಂದಿನ ಕೋಣೆಯಲ್ಲಿ ಬಟ್ಟೆಯ ಬೀರುವಿನಷ್ಟು ಎತ್ತರದ ಒಂದು ಬೂದು ಪೆಟ್ಟಿಗೆ, ಎದುರು ಗೋಡೆಗೆ ಒಂದು ಪರದೆ, ಪರದೆಯ ಮುಂದೆ ನನ್ನ ಕುರ್ಚಿ. ಹೆರಿಗೆ ದಾಖಲೆ, ಅಂಗನವಾಡಿಯ ಲಸಿಕೆ ಪಟ್ಟಿ, ಬಾಡಿಗೆ ಕರಾರು, ಪಡಿತರ ಚೀಟಿ, ನೀರಿನ ಮೀಟರು, ಹಾಲಿನ ಬೂತಿಗೆ ಬರುವ ಪ್ಯಾಕೆಟ್ಟುಗಳು, ಇವನ್ನೆಲ್ಲ ಅದು ದಿನವೂ ಓದುತ್ತಿತ್ತು. ಒಂದು ಬೀದಿಯಲ್ಲಿ ಅರ್ಧ ಲೀಟರ್ ಹಾಲು ಹೆಚ್ಚಿಗೆ ಹೋದರೆ ಆರು ವರ್ಷದ ನಂತರ ಅಲ್ಲೊಂದು ಸ್ಲೇಟು ಬೇಕಾಗುತ್ತದೆ ಎಂದು ಹೇಳಬಲ್ಲಷ್ಟು ಸೂಕ್ಷ್ಮ. ಪ್ರತಿ ಜೂನ್‌ನಲ್ಲಿ ಶಾಲೆಗಳ ನಿಜವಾದ ದಾಖಲಾತಿಯನ್ನು ನಾವು ಅದಕ್ಕೆ ಉಣಿಸುತ್ತಿದ್ದೆವು. ತಾನು ಹೇಳಿದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸ ನೋಡಿ ಅದು ತನ್ನನ್ನು ತಾನೇ ತಿದ್ದಿಕೊಳ್ಳಬೇಕು. ಅದರ ಮಾತಿನ ಮೇಲೆ ಕೋಣೆ ಕಟ್ಟುತ್ತಿದ್ದರು, ಕೋಣೆ ಕೆಡವುತ್ತಿದ್ದರು, ಶಿಕ್ಷಕರನ್ನು ಆ ಶಾಲೆಯಿಂದ ಈ ಶಾಲೆಗೆ ಕಳಿಸುತ್ತಿದ್ದರು.

ನಾನು ಶರ್ವಾಣಿ, ಅದರ ಯೋಜನಾ ಸಹಾಯಕಿ. ಎಣಿಸುವ ಹುಚ್ಚು ನನಗೆ ಹತ್ತಿದ್ದು ನಮ್ಮಜ್ಜಿಯಿಂದ. ಅಜ್ಜಿ ಹಾಲಮ್ಮನ ಕಥೆಗಳಲ್ಲಿ ಯಾವುದಕ್ಕೂ ಲೆಕ್ಕವಿರಲಿಲ್ಲ. ರಾಜನಿಗೆ ಒಂದು ದಿನ ಏಳು ಹೆಣ್ಣುಮಕ್ಕಳಿದ್ದರೆ ಮರುದಿನ ಒಂಬತ್ತು. ನಿನ್ನೆ ಏಳೇ ಇತ್ತಲ್ಲಜ್ಜಿ ಅಂದರೆ, ನಿನ್ನೆ ಇಬ್ಬರು ಹೂ ಕೊಯ್ಯೋಕೆ ಹೋಗಿದ್ದರು, ಈಗ ಬಂದರು ಅನ್ನುತ್ತಿದ್ದಳು. ಆ ಇಬ್ಬರು ಎಲ್ಲಿ ಹೂ ಕೊಯ್ಯುತ್ತಿದ್ದರು ಎಂದು ಯೋಚಿಸುತ್ತ ನಾನು ನಿದ್ದೆ ಹೋಗುತ್ತಿದ್ದೆ. ಮುಂಗಾಣಿಯ ಪರದೆಯಲ್ಲಿ ಹುಟ್ಟದ ಮಕ್ಕಳು ಹಸಿರು ಚುಕ್ಕೆಗಳಾಗಿ ಮಿನುಗುವುದನ್ನು ಮೊದಲ ಸಲ ಕಂಡಾಗ, ಹೂ ಕೊಯ್ಯಲು ಹೋದವರೆಲ್ಲ ಇಲ್ಲೇ ಇದ್ದಾರೆ ಅನ್ನಿಸಿ ನನ್ನ ಕಣ್ಣು ತುಂಬಿತ್ತು.

ಮೊದಲ ವರ್ಷ ಒಂದು ನಿಯಮವನ್ನು ನಾನೇ ಬರೆದುಕೊಟ್ಟಿದ್ದೆ. ಆಗೆಲ್ಲ ಹುದ್ದೆ ಉಳಿಸಿಕೊಳ್ಳಲು ಶಿಕ್ಷಕರು ಕಾನ್ವೆಂಟಿಗೆ ಹೋದ ಮಕ್ಕಳ ಹೆಸರನ್ನೂ ಹಾಜರಿ ಪುಸ್ತಕದಲ್ಲಿ ಉಳಿಸಿಕೊಳ್ಳುತ್ತಿದ್ದರು. ಅದಕ್ಕೆಂದೇ ಈ ನಿಯಮ: ಮುಂಗಾಣಿ ಹೇಳಿದ್ದಕ್ಕೂ ಪುಸ್ತಕಕ್ಕೂ ಇಬ್ಬರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಖ್ಯ ಶಿಕ್ಷಕರು ಲಿಖಿತವಾಗಿ ಕಾರಣ ಕೊಡಬೇಕು, ಕಾರಣ ಸಮರ್ಪಕ ಅನ್ನಿಸದಿದ್ದರೆ ನೋಟಿಸ್. ಬಹಳ ಒಳ್ಳೆಯ ನಿಯಮ ಎಂದು ಎಲ್ಲರೂ ಹೊಗಳಿದ್ದರು.

ಏಳನೆಯ ವರ್ಷ, ಮುಂಗಾಣಿಯ ಅಂಕಿಯನ್ನು ಹಾಜರಿ ಪುಸ್ತಕದ ಜೊತೆ ತಾಳೆ ನೋಡುವ ದಿನ, ಹದಿನಾಲ್ಕೂ ಶಾಲೆಗಳ ಮುಂದೆ ಸೊನ್ನೆ ಬಂತು. ಒಂದು ಮಗುವಿನ ವ್ಯತ್ಯಾಸವೂ ಇಲ್ಲ. ಶಿಕ್ಷಣಾಧಿಕಾರಿ ಪಾಲಾಕ್ಷಪ್ಪನವರು ಕಚೇರಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು. ತಿಂಗಳ ಕೊನೆಗೆ ರಾಜಧಾನಿಯಿಂದ ತಂಡ ಬರುತ್ತದೆ, ನಮ್ಮ ಪದ್ಧತಿ ಎಲ್ಲ ಜಿಲ್ಲೆಗೂ ಹೋಗುತ್ತದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ಮೇಲೆ ಮಕ್ಕಳು ಹುಟ್ಟೋಕೂ ಶರ್ವಾಣಿ ಹತ್ರ ಪರ್ಮಿಷನ್ ತಗೋಬೇಕು ಬಿಡ್ರಪ್ಪಾ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಖುಷಿಗೆ ಮರುದಿನ ನನಗೆ ಅರ್ಧ ದಿನ ರಜೆ ಕೊಟ್ಟರು.

ಗುರುವಾರ ಹನ್ನೊಂದೂವರೆಗೆ ಮನೆಯ ತಿರುವಿಗೆ ಬಂದೆ. ಏಳು ವರ್ಷದಲ್ಲಿ ವಾರದ ನಡುವೆ ಆ ಹೊತ್ತಿಗೆ ನಾನು ಮನೆ ಕಂಡವಳಲ್ಲ. ನಮ್ಮದು ಹೊರವರ್ತುಲ ರಸ್ತೆಯ ಪಕ್ಕದ ಬಡಾವಣೆ. ಒಂದು ಬದಿಗೆ ಏಳುತ್ತಿರುವ ಅಪಾರ್ಟ್‌ಮೆಂಟುಗಳು, ಇನ್ನೊಂದು ಬದಿಗೆ ಅವನ್ನು ಕಟ್ಟುವವರ ನೀಲಿ ತಾಡಪಾಲಿನ ಶೆಡ್ಡುಗಳು. ಮನೆಯ ಮುಂದಿನ ಕಟ್ಟೆಯ ಮೇಲೆ ಅಜ್ಜಿ ಕೂತಿದ್ದಳು, ಸುತ್ತ ಮಕ್ಕಳು. ಭಾನುವಾರಗಳಲ್ಲಿ ಈ ದೃಶ್ಯ ನೋಡಿ ನೋಡಿ ನನಗೆ ಅಭ್ಯಾಸ. ಅಜ್ಜಿ ಯಾವುದೋ ರಾಕ್ಷಸನನ್ನು ಬಾವಿಗಿಳಿಸುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ, ನೀರು ಕುಡಿದೆ, ಲೋಟ ಇಡುವಾಗ ಇವತ್ತು ಗುರುವಾರ ಅನ್ನುವುದು ತಲೆಗೆ ಹೋಯಿತು.

ಹೊರಗೆ ಬಂದು ಎಣಿಸಿದೆ. ಹದಿನೇಳು. ಎಲ್ಲರೂ ಆರೇಳು ವರ್ಷದವರು.

ಇವತ್ತು ಶಾಲೆಗೆ ರಜೆಯಾ ಎಂದು ಅಜ್ಜಿಯನ್ನು ಕೇಳಿದೆ. ಇವರಿಗೆ ದಿನಾ ರಜೆ ಕಣೇ ಅಂದಳು, ಕಥೆ ನಿಂತದ್ದಕ್ಕೆ ಬೇಜಾರಾಗಿ. ಬೆಳಗ್ಗೆ ಬರ್ತಾವೆ, ಸಂಜೆ ಹೋಗ್ತಾವೆ, ಎರಡು ವರ್ಷದಿಂದ ಹಿಂಗೇ, ನೀನು ಒಂದಿನಾನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದೆ ಕೂತಿದ್ದವಳು ಯಮುನಿ. ಟೈಲ್ಸ್ ಕೆಲಸದ ಹುಲಿಗೆಮ್ಮನ ಮಗಳು, ಎದುರು ಶೆಡ್ಡಿನವಳು. ನೀನ್ಯಾಕೆ ಶಾಲೆಗೆ ಹೋಗಲ್ಲ ಎಂದು ಕೇಳಿದೆ. ಅವಳು ನನ್ನನ್ನೇ ನೋಡುತ್ತ, ನನಗೆ ಜ್ವರ ಇದೆ ಅನ್ನುವಷ್ಟು ಸಹಜವಾಗಿ ಹೇಳಿದಳು:

"ನಾ ಮೂವತ್ತೊಂಬತ್ತನೇದಾಕಿ."

ನನಗೆ ಕೂಡಲೇ ಅರ್ಥವಾಗಲಿಲ್ಲ. ಅವಳ ಹಿಂದಿದ್ದ ಹುಡುಗಿ ತಾನು ನಲವತ್ತೆರಡು ಅಂದಳು. ಇನ್ನೊಬ್ಬ ಐವತ್ತು. ಹದಿನೇಳು ಮಕ್ಕಳೂ ತಂತಮ್ಮ ಸಂಖ್ಯೆ ಹೇಳಿದರು, ಹೆಸರು ಹೇಳುವ ಹಾಗೆ. ಅರ್ಥವಾದಾಗ ಅಜ್ಜಿಯ ಪಕ್ಕದಲ್ಲಿ ಕೂತೆ. ಆನೆಕಟ್ಟೆ ಶಾಲೆಯ ಒಂದನೇ ತರಗತಿಗೆ ಮುಂಗಾಣಿ ಹೇಳಿದ್ದು ಮೂವತ್ತೆಂಟು. ಹಿಂದಿನ ದಿನ ತಾಳೆ ಪತ್ರದಲ್ಲಿ ಆ ಮೂವತ್ತೆಂಟರ ಎದುರು ಸಹಿ ಹಾಕಿದ ಕೈ ನನ್ನದು.

ಮಧ್ಯಾಹ್ನ ಊಟಕ್ಕೆ ಬಂದ ಹುಲಿಗೆಮ್ಮ ಉಳಿದದ್ದನ್ನು ಹೇಳಿದಳು. ಹೋದ ವರ್ಷ ಹೋಗಿದ್ದೆ, ತುಂಬಿತು ಅಂದರು. ಈ ವರ್ಷ ಬೆಳಕು ಹರಿಯುವ ಮೊದಲೇ ಹೋಗಿ ಸಾಲಲ್ಲಿ ನಿಂತಿದ್ದೆ, ನನ್ನ ಮುಂದಿನವರಿಗೇ ಮುಗಿಯಿತು. ಶೆಡ್ಡಿಗೆ ನೀರಿನ ಮೀಟರಿಲ್ಲ, ಬಾಡಿಗೆ ಕರಾರಿಲ್ಲ, ಮಗು ಹುಟ್ಟಿದ್ದು ಕೊಪ್ಪಳದ ಕಡೆ ತವರಿನಲ್ಲಿ. ಅವಳ ಮಾತು ಕೇಳುತ್ತ ನನಗೆ ಮುಂಗಾಣಿ ಓದುವ ಒಂದೊಂದು ಕಾಗದವೂ ಕಣ್ಣ ಮುಂದೆ ಬಂತು. ಒಂದರಲ್ಲೂ ಯಮುನಿ ಇರಲಿಲ್ಲ.

ಹುಲಿಗೆಮ್ಮ ಗೋಗರೆಯಲಿಲ್ಲ. ಮೂವತ್ತನೇ ತಾರೀಕಿಗೆ ದಾಖಲಾತಿ ಮುಗಿಯುತ್ತದೆಯಂತೆ, ಅಷ್ಟರಲ್ಲಿ ಹೆಸರು ಹತ್ತದಿದ್ದರೆ ಗೋವಾದಲ್ಲಿರುವ ನಾದಿನಿ ಬಂದು ಯಮುನಿಯನ್ನು ಕರೆದುಕೊಂಡು ಹೋಗುತ್ತಾಳೆ, ಅಲ್ಲಿ ಯಾರದೋ ಮನೆಯಲ್ಲಿ ಕೂಸು ನೋಡಿಕೊಳ್ಳಲು. ಮಾತು ಆಗಿಹೋಗಿದೆ. "ಕಟ್ಟಡದಾಗ ಎಷ್ಟ್ ದಿನ ಕುಂದ್ರಿಸ್ಲಿ ಯಕ್ಕಾ," ಅಂದಳು. "ಅಲ್ಲೆ ಹೋದ್ರ ಹೊಟ್ಟಿಗೆ ಅನ್ನಾರ ಸಿಗ್ತೈತಿ. ಇಕಿ ನೋಡಿದ್ರ ಸಾಲಿಗೇ ಹೋಗ್ತೀನಿ, ಗೋವಾಕ್ಕ ಒಲ್ಲೆ ಅಂತ ಅಳ್ತಾಳ."

ಅವತ್ತು ಹದಿನಾಲ್ಕನೇ ತಾರೀಕು.

ಮರುದಿನ ಕಚೇರಿಗೆ ಹೋಗುವ ಬದಲು ಆನೆಕಟ್ಟೆ ಶಾಲೆಗೆ ಹೋದೆ. ಮುಖ್ಯ ಶಿಕ್ಷಕಿ ಕುಮುದಿನಿ ಟೀಚರ್ ಒಂದನೇ ತರಗತಿಯ ಹಾಜರಿ ಕೂಗುತ್ತಿದ್ದರು. ಕಿಟಕಿಯ ಹೊರಗೆ, ಗೋಡೆಯ ನೆರಳಲ್ಲಿ ಆರು ಮಕ್ಕಳು ಸ್ಲೇಟು ಹಿಡಿದು ನಿಂತು ಒಳಗಿನ ಹಲಗೆ ನೋಡಿ ಬರೆಯುತ್ತಿದ್ದವು. ಒಳಗೆ ಟೀಚರ್ "ಭೂಮಿಕಾ" ಅಂದರೆ ಒಬ್ಬ ಹುಡುಗ ಎದ್ದು ಹಾಜರ್ ಅಂದ. ನಾನು ಗಾಬರಿಯಿಂದ ಟೀಚರ್ ಮುಖ ನೋಡಿದೆ. ಒಳಗಿನ ಮೂವತ್ತೆಂಟರಲ್ಲಿ ಯಾರಾದರೂ ಊರಿಗೆ ಹೋದರೆ ಹೊರಗಿನವರೊಬ್ಬರು ಬಂದು ಅವರ ಹೆಸರಿನಲ್ಲಿ ಕೂರುತ್ತಾರೆ ಎಂದು ಅವರು ಯಾವ ಸಂಕೋಚವೂ ಇಲ್ಲದೆ ಹೇಳಿದರು. ಹೋದವರು ವಾಪಸ್ ಬಂದರೆ ಕೊನೆಯಲ್ಲಿ ಬಂದವರು ಎದ್ದು ಹೊರಗೆ. ಮಕ್ಕಳೇ ಮಾಡಿಕೊಂಡ ಏರ್ಪಾಡು. ಜಗಳವೇ ಇಲ್ಲ ಅಂದರು.

ಕಾನೂನಿನ ಪ್ರಕಾರ ಯಾವ ಮಗುವಿಗೂ ಇಲ್ಲ ಅನ್ನುವ ಹಾಗಿಲ್ಲವಲ್ಲ ಅಂದೆ. ದನಿ ಏರಿಸಿಯೇ ಅಂದೆ.

ಅವರು ಬೀರು ತೆಗೆದು ಒಂದು ಕಡತ ತಂದು ನನ್ನ ಮಡಿಲಲ್ಲಿಟ್ಟರು. ಮೊದಲ ವರ್ಷದ ಪತ್ರ. ಮುಂಗಾಣಿ ಮೂವತ್ತೆಂಟು ಹೇಳಿತ್ತು, ಅವರು ನಲವತ್ತೇಳು ದಾಖಲಿಸಿದ್ದರು. ವ್ಯತ್ಯಾಸಕ್ಕೆ ಕಾರಣ ಎಂಬ ಖಾಲಿ ಜಾಗದಲ್ಲಿ ಅವರ ಗುಂಡು ಅಕ್ಷರದಲ್ಲಿ ಒಂದೇ ಸಾಲು: 'ಒಂಬತ್ತು ಮಕ್ಕಳು ಹೆಚ್ಚಿಗೆ ಬಂದರು.' ಅದರ ಕೆಳಗೆ ಕೆಂಪು ಶಾಯಿಯಲ್ಲಿ, 'ಕಾರಣ ಸಮರ್ಪಕವಾಗಿಲ್ಲ.' ಅದರ ಕೆಳಗೆ ನನ್ನ ಸಹಿ.

ಬರೆದ ನೆನಪೇ ಇರಲಿಲ್ಲ. ಆ ವರ್ಷ ಇಂಥ ಎಷ್ಟೋ ಪತ್ರಕ್ಕೆ ಸಹಿ ಹಾಕಿದ್ದೆ. ಎಲ್ಲ ಹೆಚ್ಚುವರಿ ಹೆಸರೂ ಸುಳ್ಳು ಹೆಸರು ಎಂದು ನಂಬಿದ್ದ ಇಪ್ಪತ್ತೊಂದರ ಹುಡುಗಿ ನಾನು.

"ಮಕ್ಕಳು ಬಂದದ್ದು ಕಾರಣ ಅಲ್ಲ ಅಂದ್ರೆ ಬೇರೆ ಏನು ಬರೀಲಿ ತಾಯಿ," ಅಂದರು ಟೀಚರ್. "ಎರಡು ಇನ್‌ಕ್ರಿಮೆಂಟ್ ಕಟ್ಟಾಯ್ತು. ಅದರ ಮುಂದಿನ ವರ್ಷದಿಂದ ಮೂವತ್ತೆಂಟೇ ಬರೆದೆ. ನೀವು ಸುಮ್ಮನಾದ್ರಿ."

ಅಲ್ಲಿಂದ ಹಳೇಪೇಟೆಯ ಶಾಲೆಗೆ ಹೋದೆ. ಅಲ್ಲಿ ಇನ್ನೊಂದು ತರಹ. ಪೇಟೆಯವರೆಲ್ಲ ಹೊಸ ಬಡಾವಣೆಗಳಿಗೆ ಹೋಗಿ ಬೀದಿಗಳು ಖಾಲಿಯಾಗಿದ್ದವು. ಪುಸ್ತಕದಲ್ಲಿ ಇಪ್ಪತ್ತೊಂಬತ್ತು, ಬೆಂಚಿನ ಮೇಲೆ ಹನ್ನೆರಡು. ಕಡಿಮೆಯಾದರೂ ಕಾರಣ ಕೊಡಬೇಕಲ್ಲ, ಅದಕ್ಕೆ ಹೆಡ್‌ಮಾಸ್ತರು ಅಲ್ಲಿ ಇಲ್ಲಿ ಕೇಳಿ ಹೆಸರು ತುಂಬಿಸಿದ್ದರು. ಎರಡು ದಿನದಲ್ಲಿ ಆರು ಶಾಲೆ ಸುತ್ತಿದೆ. ಒಂದೂ ತಾಳೆಯಾಗಲಿಲ್ಲ. ಆರೂ ಕಡೆ ಪುಸ್ತಕ ಮಾತ್ರ ನಮ್ಮ ಅಂಕಿಯನ್ನು ಅಚ್ಚುಕಟ್ಟಾಗಿ ಹೇಳುತ್ತಿತ್ತು. ಹದಿನಾಲ್ಕು ಸೊನ್ನೆಗಳು ಹೇಗೆ ಬಂದವು ಎಂದು ಆಗ ತಿಳಿಯಿತು.

ಸೋಮವಾರ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಮುಂಗಾಣಿಯ ಎದುರು ಕೂತೆ. ನಿಜವಾದ ಅಂಕಿ ಕೊಟ್ಟರೆ ಅದು ತಿದ್ದಿಕೊಳ್ಳುತ್ತದೆ, ಯಂತ್ರಕ್ಕೆ ಹಟವಿಲ್ಲ ಎಂದುಕೊಂಡಿದ್ದೆ. ಆನೆಕಟ್ಟೆ ಶಾಲೆಯ ಎದುರು ಅರವತ್ತೊಂದು ಎಂದು ಹಾಕಿದೆ. ಪರದೆ ಬರೆಯಿತು: 'ನಮೂದು ದೋಷ. ಮೂವತ್ತೆಂಟು ಎಂದು ಸರಿಪಡಿಸಲಾಗಿದೆ.'

ಮತ್ತೆ ಹಾಕಿದೆ. ಮತ್ತೆ ಸರಿಪಡಿಸಿತು. ಮೂರನೆಯ ಸಲ ನಾನು ಅಂಕಿ ಒತ್ತಿ ಮುಗಿಸುವ ಮೊದಲೇ ಮೂವತ್ತೆಂಟು ಅಲ್ಲಿ ಕೂತಿತ್ತು.

ಯಂತ್ರ ಕೆಟ್ಟಿರಲಿಲ್ಲ. ನಾವು ಕಲಿಸಿದ್ದನ್ನು ಚೆನ್ನಾಗಿ ಕಲಿತಿತ್ತು. ಮೊದಲ ವರ್ಷ ಹೆಚ್ಚಿಗೆ ಬಂದ ಹೆಸರುಗಳನ್ನು ಸುಳ್ಳೆಂದು ತೆಗೆದುಹಾಕಿ, ಏಳೂ ವರ್ಷ ಅದು ಏನು ಹೇಳಿತೋ ಅದೇ ನಡೆಯಿತು ಎಂದು ನಾವೇ ಸಹಿ ಹಾಕಿ ಉಣಿಸಿದ್ದೆವು. ತಪ್ಪೇ ಮಾಡದವರು ತಿದ್ದಿಕೊಳ್ಳುವುದೇನನ್ನು? ಹಾಗಾಗಿ ತನ್ನ ಮಾತಿಗೆ ಹೊಂದದ್ದು ಕಂಡರೆ ಲೋಕವೇ ತಪ್ಪಿದೆ ಎಂದು ಅದು ತೀರ್ಮಾನಿಸುತ್ತಿತ್ತು. ಮುಂದಿನ ಹತ್ತು ವರ್ಷದ ಪಟ್ಟಿ ತೆಗೆದು ನೋಡಿದೆ. ಆನೆಕಟ್ಟೆ: ಮೂವತ್ತೆಂಟು, ಮೂವತ್ತೆಂಟು, ಮೂವತ್ತೆಂಟು. ಕೆಳಗೆ ಸಲಹೆ: ಎರಡು ಹೆಚ್ಚುವರಿ ಕೋಣೆ ತೆರವು.

ಪಾಲಾಕ್ಷಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಮುಖ ಉಜ್ಜಿಕೊಂಡರು. ಎಷ್ಟು ಮಕ್ಕಳಿರಬಹುದು ಎಂದು ಕೇಳಿದರು. ಆರು ಶಾಲೆ ಸೇರಿಯೇ ನೂರೆಪ್ಪತ್ತರ ಮೇಲೆ ಅಂದೆ. ಅವರು ಸಣ್ಣ ದನಿಯಲ್ಲಿ, ತಂಡ ಬಂದು ಹೋಗಲಿ ಮಗಾ, ಮುಂದಿನ ವರ್ಷ ಸ್ವಲ್ಪ ಸ್ವಲ್ಪವಾಗಿ ಏರಿಸಿ ಸರಿಮಾಡೋಣ, ಯಾರಿಗೂ ತೊಂದರೆಯಾಗದ ಹಾಗೆ ಅಂದರು. ಮುಂದಿನ ವರ್ಷಕ್ಕೆ ಯಮುನಿ ಗೋವಾದಲ್ಲಿ ಯಾರದೋ ಕೂಸನ್ನು ಸೊಂಟದ ಮೇಲೆ ಹೊತ್ತಿರುತ್ತಾಳೆ ಅಂದೆ. ಯಮುನಿ ಯಾರು ಎಂದು ಅವರು ಕೇಳಿದರು. ಮೂವತ್ತೊಂಬತ್ತನೆಯವಳು ಅಂದೆ.

ಒಂದೇ ದಾರಿ ಇತ್ತು. ಅದು ಇಬ್ಬರಿಗೂ ಗೊತ್ತಿತ್ತು. ತಾಳೆ ಪತ್ರಕ್ಕೆ ಸಹಿ ಹಾಕಿದ ನೌಕರರೇ 'ಇದು ಸುಳ್ಳು' ಎಂದು ಲಿಖಿತವಾಗಿ ಒಪ್ಪಿಕೊಂಡರೆ ಆ ವರ್ಷದ ಪಾಠ ಮುಂಗಾಣಿಯಿಂದ ಅಳಿಸಿಹೋಗುತ್ತದೆ. ಒಂದು ವರ್ಷ ಅಳಿಸಿದರೆ ಉಳಿದ ಆರು ಅದನ್ನು ಮತ್ತೆ ಮೂವತ್ತೆಂಟಕ್ಕೆ ಎಳೆಯುತ್ತವೆ. ಏಳೂ ಅಳಿಸಬೇಕು. ಏಳಕ್ಕೂ ಸಹಿ ನನ್ನದೇ.

"ಸಹಿ ಮಾಡಿದ ಮೇಲೆ ನಿನ್ನನ್ನ ಉಳಿಸಿಕೊಳ್ಳೋದು ನನ್ನ ಕೈಲಿ ಇಲ್ಲ," ಅಂದರು ಪಾಲಾಕ್ಷಪ್ಪನವರು. "ನನ್ನನ್ನ ಯಾರು ಉಳಿಸ್ತಾರೋ ಅದೂ ಗೊತ್ತಿಲ್ಲ."

ನಾಲ್ಕು ದಿನ ನಾನು ಸಹಿ ಮಾಡಲಿಲ್ಲ. ಇದನ್ನು ಹೇಳದೆ ಮುಂದೆ ಹೋಗಲಾರೆ. ನಾಲ್ಕು ದಿನವೂ ಕಚೇರಿಗೆ ಹೋದೆ, ಹಸಿರು ಚುಕ್ಕೆಗಳನ್ನು ನೋಡುತ್ತ ಕೂತೆ, ಮನೆಗೆ ಬಂದೆ. ಐದನೆಯ ದಿನ ಬೆಳಗ್ಗೆ ಕಟ್ಟೆಯ ಮುಂದೆ ಹೊಸ ಹೆಂಗಸೊಬ್ಬಳು ನಿಂತಿದ್ದಳು. ಗೋವಾದ ನಾದಿನಿ, ವಾರ ಮೊದಲೇ ಬಂದುಬಿಟ್ಟಿದ್ದಳು. ಅಜ್ಜಿ ಅವಳಿಗೆ ಚಹಾ ಕೊಟ್ಟಿದ್ದಳು. ಯಮುನಿ ಅಜ್ಜಿಯ ಸೆರಗಿನ ತುದಿಯನ್ನು ತನ್ನ ಬೆರಳಿಗೆ ಸುತ್ತಿಕೊಂಡು ಅಲುಗದೆ ಕೂತಿದ್ದಳು. ನಾನು ತಿಂಡಿ ತಿನ್ನದೆ ಹೊರಟೆ.

ಏಳು ಕಾಗದಕ್ಕೆ ಸಹಿ ಹಾಕಲು ಎರಡು ನಿಮಿಷವೂ ಹಿಡಿಯಲಿಲ್ಲ. ಪರದೆಯ ಮೇಲಿನ ಚುಕ್ಕೆಗಳು ಒಂದೊಂದಾಗಿ ಆರಿದವು. ಹದಿನಾಲ್ಕು ಶಾಲೆಗಳ ಎದುರು ಅಂಕಿ ಹೋಗಿ, ಏಳು ವರ್ಷದಲ್ಲಿ ಅದು ಒಮ್ಮೆಯೂ ಬಳಸದ ಒಂದು ಪದ ಬಂತು: 'ತಿಳಿಯದು.' ಪಾಲಾಕ್ಷಪ್ಪನವರು ನನ್ನ ಹಿಂದೆ ನಿಂತು ಅದನ್ನು ಓದಿದರು. ಆಮೇಲೆ ತಮ್ಮ ಕೋಣೆಗೆ ಹೋಗಿ ಹದಿನಾಲ್ಕೂ ಶಾಲೆಗೆ ತಾವೇ ಫೋನು ಮಾಡಿ, ಹೊರಗಿರುವ ಮಕ್ಕಳನ್ನು ಎಣಿಸಿ ಕಳಿಸಿ, ಮೂವತ್ತನೇ ತಾರೀಕಿಗೆ ಬಂದವರನ್ನೆಲ್ಲ ಪುಸ್ತಕಕ್ಕೆ ಬರೆದುಕೊಳ್ಳಿ, ಬಾರದವರ ಹೆಸರು ಹೊಡೆದುಹಾಕಿ, ಯಾರಿಗೂ ನೋಟಿಸ್ ಇಲ್ಲ ಎಂದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಎರಡು ದಿನದಲ್ಲಿ ಲೆಕ್ಕ ಬಂತು. ಹೊರಗಿದ್ದವರು ನಾನೂರ ಹನ್ನೆರಡು. ಪುಸ್ತಕದಲ್ಲಿ ಮಾತ್ರ ಇದ್ದವರು ಇನ್ನೂರ ಅರವತ್ತು. ಆ ಕಾಗದವನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ. ಕೈಯಿಂದ ಕೈಗೆ ಹೋಗಿ ಕೊನೆಗೆ ನನ್ನ ಮೇಜಿಗೆ ಬಂತು, ಅದರ ಜೊತೆಗೆ ನನ್ನ ಅಮಾನತಿನ ಆದೇಶವೂ.

ಹಾಗಾಗಿ ಮೂವತ್ತನೇ ತಾರೀಕಿಗೆ ನನಗೆ ಕಚೇರಿ ಇರಲಿಲ್ಲ. ಯಮುನಿಯನ್ನು ಎಲ್ಲರಿಗಿಂತ ಮೊದಲು ನಾನೇ ಶಾಲೆಗೆ ಕರೆದುಕೊಂಡು ಹೋದೆ. ಅಜ್ಜಿ ಅವಳ ತಲೆಗೆ ಎಣ್ಣೆ ಇಟ್ಟು ಎರಡು ಜಡೆ ಹೆಣೆದಿದ್ದಳು. ಹುಲಿಗೆಮ್ಮ ಕೆಲಸದ ಬಟ್ಟೆಯಲ್ಲೇ, ಕೈಗೆ ಅಂಟಿದ ಸಿಮೆಂಟಿನ ಜೊತೆಯಲ್ಲೇ ಬಂದಿದ್ದಳು. ನಾದಿನಿ ಹಿಂದಿನ ದಿನ ಒಬ್ಬಳೇ ಬಸ್ಸು ಹತ್ತಿದ್ದಳು. ಕುಮುದಿನಿ ಟೀಚರ್ ಹಾಜರಿ ಪುಸ್ತಕ ಬಿಡಿಸಿ, ಮೂವತ್ತೆಂಟರ ಕೆಳಗೆ ಸ್ಕೇಲು ಇಟ್ಟು ಒಂದು ಹೊಸ ಗೆರೆ ಎಳೆದರು. ಯಮುನಾ ಎಂದು ಬರೆದರು. ಹುಲಿಗೆಮ್ಮ ಆ ಸಾಲನ್ನು ಓದಲು ಬಾರದಿದ್ದರೂ ಬಗ್ಗಿ ನೋಡಿದಳು.

ತರಗತಿಯ ಬಾಗಿಲಿಗೆ ಬಂದು ನಿಂತೆವು. ಒಳಗೆ ಮಕ್ಕಳು ಒಂದೇ ದನಿಯಲ್ಲಿ ಮಗ್ಗಿ ಹೇಳುತ್ತಿದ್ದವು. ಯಮುನಿ ನನ್ನ ಕೈ ಬಿಟ್ಟು ಹೊಸ್ತಿಲು ದಾಟಿದಳು.

ಮಗ್ಗಿ ನಿಂತಿತು. ಕೊನೆಯ ಬೆಂಚಿನಿಂದ ಒಂದು ಪುಟ್ಟ ಹುಡುಗಿ ಎದ್ದಳು. ತಸ್ಮಿಯಾ ಎಂದು ಅವಳ ಹೆಸರು, ಪುಸ್ತಕದಲ್ಲಿ ಮೂವತ್ತೆಂಟನೆಯವಳು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಅವಳು ಸ್ಲೇಟನ್ನು ಅಂಗೈಯಿಂದ ಒರೆಸಿ ಚೀಲಕ್ಕೆ ಹಾಕಿದಳು, ಬಳಪ ಹುಡುಕಿ ಅದನ್ನೂ ಹಾಕಿದಳು, ತಾನು ಕೂತಿದ್ದ ಜಾಗವನ್ನು ಫ್ರಾಕಿನ ಅಂಚಿನಿಂದ ಒಮ್ಮೆ ಗುಡಿಸಿದಳು. ಆಮೇಲೆ ಬೆಂಚುಗಳ ನಡುವೆ ನಡೆದು ಬಂದಳು. ಯಮುನಿ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟಳು, ಅದೇನೂ ವಿಶೇಷವಲ್ಲ ಅನ್ನುವ ಹಾಗೆ. ಉಳಿದ ಮಕ್ಕಳೂ ತಲೆಯೆತ್ತಿ ನೋಡಿ ಮತ್ತೆ ಮುಂದಕ್ಕೆ ತಿರುಗಿದರು.

ಕುಮುದಿನಿ ಟೀಚರ್ ಅವಳತ್ತ ಒಂದು ಹೆಜ್ಜೆ ಇಟ್ಟರು.

ತಸ್ಮಿಯಾ ಬಾಗಿಲಲ್ಲಿ ಬಗ್ಗಿ, ಗುಂಪಿನಿಂದ ತನ್ನ ಚಪ್ಪಲಿಗಳನ್ನು ಆರಿಸಿ ಹಾಕಿಕೊಂಡು, ನೆಟ್ಟಗೆ ನಿಂತು ಕೇಳಿದಳು:

"ಟೀಚರ್, ನಾನು ಇನ್ನು ಕಿಟಕಿ ಹತ್ರ ನಿಲ್ಲಲಾ, ಮನೆಗೆ ಹೋಗಲಾ?"